ಎಲ್ಲರಿಗೂ ಭರತನಾಟ್ಯ ಕಲಿಸಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಂದಿನಲ್ಲಿ ಬಿಟ್ಟ ನೃತ್ಯವನ್ನು ದೊಡ್ಡವರಾದ ಮೇಲೆ ಮತ್ತೆ ಹಿಡಿದವರಲ್ಲಿ ಹಲವರಿಗೆ ಒಂದು ಆಸೆ ಇರುತ್ತದೆ: ತಾವೂ ಒಂದು ತರಗತಿ ತೆರೆಯಬೇಕು, ಅಲ್ಲಿ ಬಾಗಿಲಿಗೆ ಬಂದ ಯಾರಿಗೂ "ನಿಮಗೆ ಆಗಲ್ಲ" ಅನ್ನಬಾರದು. ಅಂಥವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಮೊದಮೊದಲ ಸಂದೇಹಗಳು ಮೇಲೆ, ಪರೀಕ್ಷೆ, ವೇದಿಕೆಯವರೆಗಿನವು ಕೆಳಗೆ.

## ಶುರು ಮಾಡುವ ಮುಂಚೆ

"ಹತ್ತನೇ ಕ್ಲಾಸಿಗೆ ಡ್ಯಾನ್ಸ್ ಬಿಟ್ಟೆ. 37ಕ್ಕೆ ಮತ್ತೆ ಶುರು ಮಾಡಿ ನಾಲ್ಕು ವರ್ಷ ಆಯ್ತು. ನಾನು ಕಲಿಸೋಕೆ ಲಾಯಕ್ಕಾ?"

ಅಡವುಗಳನ್ನು (ನೃತ್ಯದ ಮೂಲ ಹೆಜ್ಜೆಗಳನ್ನು) ಮೂರು ಕಾಲದಲ್ಲೂ (ವೇಗದಲ್ಲೂ) ತಾಳ ತಪ್ಪದೆ ಮಾಡುತ್ತೀರಾ? ಕುಳಿತು ಬಾಯಲ್ಲಿ ಸೊಲ್ಲುಕಟ್ಟು (ಹೆಜ್ಜೆಯ ತಾಳಾಕ್ಷರಗಳನ್ನು) ಹೇಳುತ್ತಾ ಕೈಯಲ್ಲಿ ತಾಳ ಹಾಕುತ್ತೀರಾ? ಒಂದು ಅಲರಿಪು, ಒಂದು ಜತಿಸ್ವರ (ಮೊದಮೊದಲು ಕಲಿಯುವ ನೃತ್ಯಗಳು) ಯಾರನ್ನೂ ನೋಡದೆ ಪೂರ್ತಿ ಬರುತ್ತದಾ? ಇಷ್ಟಿದ್ದರೆ ಆರಂಭದ ಹಂತವನ್ನು ಧೈರ್ಯವಾಗಿ ಕಲಿಸಿ. ನಿಮ್ಮ ಗುರುಗಳಿಗೆ ತಿಳಿಸಿ ಶುರು ಮಾಡಿ, ಅವರ ಬಳಿ ನಿಮ್ಮ ಪಾಠವೂ ನಡೆಯುತ್ತಿರಲಿ.

ದೊಡ್ಡವರಾಗಿ ಮರಳಿ ಬಂದವರಿಗೆ ಒಂದು ಅನುಕೂಲವಿದೆ. ಆರನೇ ವಯಸ್ಸಿಗೆ ಕಲಿತವರಿಗೆ ತಾವು ಹೇಗೆ ಕಲಿತೆವು ಎಂಬುದೇ ನೆನಪಿರುವುದಿಲ್ಲ. ನಿಮಗೆ ನೆನಪಿದೆ: ಯಾವ ಸ್ನಾಯು ಮೊದಲು ನೋಯಿತು, ಯಾವ ಅಡವಿನಲ್ಲಿ ಕೈಕಾಲು ಜಗಳಕ್ಕೆ ಬಿದ್ದವು ಎಂಬುದೆಲ್ಲ. ಕೊರತೆ ಇರುವುದು ಬೇರೆ ದೇಹಗಳನ್ನು ನೋಡುವ ಅಭ್ಯಾಸದಲ್ಲಿ. ಅದಕ್ಕೆ ಸ್ವಂತ ತರಗತಿಗೆ ಮುಂಚೆ ಯಾವುದಾದರೂ ವಿಶೇಷ ಶಾಲೆಯಲ್ಲೋ ಅನುಭವಿ ಶಿಕ್ಷಕರ ಬಳಿಯೋ ಹತ್ತು ಹನ್ನೆರಡು ತರಗತಿ ಸಹಾಯಕರಾಗಿ ನಿಲ್ಲಿ. ಪುಸ್ತಕದಿಂದ ಇದು ಬರುವುದಿಲ್ಲ.

"ಎಲ್ಲರ ಕ್ಲಾಸ್ ಅಂದ್ರೆ ವಿಕಲಚೇತನರಿಗೇ ಬೇರೆ ಬ್ಯಾಚ್ ಮಾಡೋದಾ?"

ಅಲ್ಲ. ಬೇರೆ ಬ್ಯಾಚ್ ಎಂದರೆ ಬೇರೆ ಬ್ಯಾಚ್, ಅಷ್ಟೇ. ಗಾಲಿಕುರ್ಚಿಯಲ್ಲಿರುವವರು, ಮಂಡಿ ನೋವಿನ ಐವತ್ತರ ಗೃಹಿಣಿ, ಡೌನ್ ಸಿಂಡ್ರೋಮ್ ಇರುವ ಯುವಕ, ಕಾಲೇಜು ಹುಡುಗಿ ಒಂದೇ ತಾಳಕ್ಕೆ ಒಂದೇ ಕೋಣೆಯಲ್ಲಿ ಕಲಿಯುವುದೇ ಎಲ್ಲರ ತರಗತಿ. ಕೆಲವರಿಗೆ ಮೊದಲ ಒಂದೆರಡು ತಿಂಗಳು ಒಬ್ಬೊಬ್ಬರಾಗಿ ಕಲಿಯುವುದು ಹಿತ. ಅದನ್ನು ಸೇತುವೆಯಾಗಿ ಬಳಸಿ, ಅಲ್ಲೇ ನಿಲ್ಲಿಸಬೇಡಿ.

"ಅಂಗವಿಕಲ ಅನ್ನಬೇಕಾ, ವಿಕಲಚೇತನ ಅನ್ನಬೇಕಾ, ದಿವ್ಯಾಂಗ ಅನ್ನಬೇಕಾ?"

ಕರ್ನಾಟಕ ಸರ್ಕಾರದ ಇಲಾಖೆಯ ಹೆಸರಿನಲ್ಲಿ "ವಿಕಲಚೇತನ" ಎಂದಿದೆ. ಕೇಂದ್ರ ಸರ್ಕಾರ "ದಿವ್ಯಾಂಗ" ಎನ್ನುತ್ತದೆ. ಆ ಪದ ಇಷ್ಟಪಡದವರೂ ಬಹಳ ಇದ್ದಾರೆ. ತರಗತಿಯಲ್ಲಿ ಹೆಸರು ಹಿಡಿದು ಕರೆಯಿರಿ. ಉಳಿದದ್ದನ್ನು ಅವರನ್ನೇ ಕೇಳಿ.

"ಮಹಡಿ ಮೇಲೆ ಒಳ್ಳೇ ಹಾಲ್ ಇದೆ, ಗ್ರಾನೈಟ್ ನೆಲ. ಸಾಕಾ?"

ಲಿಫ್ಟ್ ಇಲ್ಲದಿದ್ದರೆ ಬೇಡ. ಗಾಲಿಕುರ್ಚಿಯನ್ನು ನಾಲ್ಕು ಜನ ಎತ್ತಿಕೊಂಡು ಹೋಗುವುದು ಪರಿಹಾರವಲ್ಲ. ಎತ್ತುವವರ ಕೈ ಜಾರುತ್ತದೆ, ಎತ್ತಿಸಿಕೊಳ್ಳುವವರಿಗೆ ಪ್ರತಿ ವಾರ ಮುಜುಗರವಾಗುತ್ತದೆ. ನೆಲಮಹಡಿಯ ಶಾಲಾ ಕೊಠಡಿ, ಸಮುದಾಯ ಭವನ ಹುಡುಕಿ.

ಇಳಿಜಾರಿನ ಲೆಕ್ಕ 1:12, ಅಂದರೆ 15 ಸೆಂ.ಮೀ. ಎತ್ತರದ ಒಂದು ಮೆಟ್ಟಿಲಿಗೆ 1.8 ಮೀಟರ್ ಉದ್ದದ ರ‍್ಯಾಂಪ್ ಬೇಕು, ಮೂರು ಮೆಟ್ಟಿಲಿಗೆ 5.4 ಮೀಟರ್. ಎರಡು ಹಲಗೆ ಒರಗಿಸಿ "ರ‍್ಯಾಂಪ್ ಇದೆ" ಅನ್ನುವವರು ಇಲ್ಲೇ ಎಡವುತ್ತಾರೆ. ಬಾಗಿಲು 90 ಸೆಂ.ಮೀ. ತೆರೆಯಬೇಕು. ಗಾಲಿಕುರ್ಚಿ ಸುತ್ತಲು ಕನಿಷ್ಠ ಒಂದೂವರೆ ಮೀಟರ್ ಬೇಕು, ಕೈ ಚಾಚಿ ಕುಣಿಯಲು ಎರಡು ಮೀಟರ್ ಇಟ್ಟುಕೊಳ್ಳಿ. ಎಲ್ಲಕ್ಕೂ ಮೊದಲು ಶೌಚಾಲಯ ನೋಡಿ. ಅದು ಸರಿಯಿಲ್ಲದಿದ್ದರೆ ಕೆಲವರು ಬೆಳಗಿನಿಂದ ನೀರು ಕುಡಿಯದೆ ಕ್ಲಾಸಿಗೆ ಬರುತ್ತಾರೆ. ನಿಮಗೆ ಹೇಳುವುದೂ ಇಲ್ಲ.

ಗ್ರಾನೈಟ್, ಸಿಮೆಂಟು ನೆಲ ಪಾದ ಬಡಿಯುವ ತಟ್ಟಡವಿಗೆ ಗಟ್ಟಿ. ಏಟನ್ನು ನೆಲ ಹೀರದೆ ಮೊಣಕಾಲ ಕೆಳಗಿನ ಮೂಳೆಗೆ ವಾಪಸ್ ಕಳಿಸುತ್ತದೆ. ಮರದ ನೆಲ ಸಿಗದಿದ್ದರೆ ಒಂದಕ್ಕೊಂದು ಬಿಗಿಯಾಗಿ ಕೂರುವ ರಬ್ಬರ್ ಹಾಸು ಹಾಕಿ. ಜಮಖಾನ ಬೇಡ. ಊರುಗೋಲು ಜಾರುತ್ತದೆ, ಗಾಲಿ ಸುಕ್ಕಿಗೆ ಸಿಕ್ಕುತ್ತದೆ.

"ಸೇರೋಕೆ ಫೋನ್ ಮಾಡಿದವರನ್ನ ಏನಂತ ಕೇಳೋದು? 'ನಿಮಗೇನಾಗಿದೆ' ಅನ್ನೋಕೆ ಸಂಕೋಚ."

ಹಾಗೆ ಕೇಳಲೂ ಬೇಡಿ. ರೋಗದ ಹೆಸರಿಗಿಂತ ದಿನದ ಅನುಭವ ಕೇಳಿ: ನಿಂತು ಎಷ್ಟು ಹೊತ್ತು ಇರಬಲ್ಲಿರಿ, ಯಾವ ಚಲನೆ ವೈದ್ಯರು ಬೇಡ ಅಂದಿದ್ದಾರೆ, ಯಾವ ಶಬ್ದ ಅಥವಾ ಬೆಳಕು ಕಷ್ಟ, ಮುಟ್ಟಿ ತಿದ್ದಬಹುದೇ, ಮೂರ್ಛೆ ಬರುವುದಿದ್ದರೆ ಆಗ ನಾವೇನು ಮಾಡಬೇಕು, ಕುಣಿತದಲ್ಲಿ ನಿಮಗೇನು ಇಷ್ಟ. ಕೊನೆಯ ಪ್ರಶ್ನೆ ಮರೆಯಬೇಡಿ. ವಯಸ್ಕರೊಂದಿಗೆ ಅವರ ತಂದೆ-ತಾಯಿ ಬಂದಿದ್ದರೂ ಪ್ರಶ್ನೆಯನ್ನು ವಿದ್ಯಾರ್ಥಿಯ ಮುಖ ನೋಡಿಯೇ ಕೇಳಿ.

"ಎಷ್ಟು ಜನ, ಎಷ್ಟು ಹೊತ್ತು?"

ಎಂಟರಿಂದ ಹನ್ನೆರಡು ಜನ, ನಾಲ್ವರಿಗೊಬ್ಬ ಸಹಾಯಕರು, ಒಂದು ಗಂಟೆ. ನಮಸ್ಕಾರಕ್ಕೆ ಐದು ನಿಮಿಷ, ಮೈ ಬಿಸಿಮಾಡಲು ಹನ್ನೆರಡು, ಅಡವಿಗೆ ಇಪ್ಪತ್ತು, ನಡುವೆ ನೀರಿಗೆ ಐದು, ಹಸ್ತ (ಕೈಮುದ್ರೆ) ಮತ್ತು ಅಭಿನಯಕ್ಕೆ ಹನ್ನೆರಡು, ಕೊನೆಗೆ ಮೈ ಸಡಿಲಿಸಲು ಆರು. ಈ ಕ್ರಮವನ್ನು ಚಿತ್ರವಾಗಿ ಗೋಡೆಗೆ ಅಂಟಿಸಿ, ಮುಗಿದ ಭಾಗದ ಚಿತ್ರವನ್ನು ತಿರುಗಿಸಿಡಿ. ಆಟಿಸಂ ಇರುವವರಿಗೆ "ಮುಂದೇನು" ಎಂಬ ಆತಂಕ ಇದರಿಂದಲೇ ಎಷ್ಟೋ ಕಡಿಮೆಯಾಗುತ್ತದೆ, ಉಳಿದವರಿಗೂ ಅನುಕೂಲ.

## ಅಡವಿನೊಳಗೆ

"ಅರೆಮಂಡಿ (ಮಂಡಿ ಬದಿಗೆ ತೆರೆದು ಅರ್ಧ ಕೂತ ಭಂಗಿ) ಕೂರೋಕೇ ಆಗಲ್ಲ ಅಂದ್ಮೇಲೆ ಅದು ಭರತನಾಟ್ಯ ಹೇಗಾಗುತ್ತೆ?"

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಕ್ಕರೆ ಉಳಿದ ಅರ್ಧ ಪ್ರಶ್ನೆಗಳು ತಾವೇ ಬಿಡಿಸಿಕೊಳ್ಳುತ್ತವೆ.

ಅಡವುಗಳ ಹೆಸರನ್ನೇ ಕಿವಿಗೊಟ್ಟು ಕೇಳಿ. ತಟ್ಟಡವು, ಮೆಟ್ಟಡವು, ನಾಟ್ಟಡವು. ತಮಿಳಿನಿಂದ ಬಂದ ಹೆಸರುಗಳಾದರೂ ಕನ್ನಡದ ಕಿವಿಗೆ ತಟ್ಟು, ಮೆಟ್ಟು, ನಾಟು ನೇರವಾಗಿ ಕೇಳಿಸುತ್ತವೆ. "ತಟ್ಟು" ಎನ್ನುವ ಮಾತು ಕ್ರಿಯೆಯನ್ನು ಹೇಳುತ್ತದೆ, ಯಾವ ಅಂಗದಿಂದ ಎಂದು ಹೇಳುವುದಿಲ್ಲ. ತಟ್ಟಡವಿನ ಪ್ರಾಣ ಇರುವುದು ತಾಳದ ಅಕ್ಷರಕ್ಕೆ ಸರಿಯಾಗಿ ಬೀಳುವ ಸ್ಪಷ್ಟ ಏಟಿನಲ್ಲಿ. ನಾಟ್ಟಡವಿನ ಪ್ರಾಣ ಚಾಚಿ, ಊರಿ, ಮರಳುವುದರಲ್ಲಿ. ಅರೆಮಂಡಿಯ ಕೆಲಸ ದೇಹದ ಭಾರವನ್ನು ಕೆಳಗಿಳಿಸಿ, ಬೆನ್ನನ್ನು ನೆಟ್ಟಗಿರಿಸಿ, ಮಂಡಿ-ಮೊಣಕೈಗಳನ್ನು ಬದಿಗೆ ತೆರೆದು ಆಕೃತಿಗೆ ಅಗಲ ಕೊಡುವುದು.

ಹೀಗಾಗಿ ಪ್ರತಿ ಅಡವಿಗೂ ಮೊದಲು ಕೇಳಿಕೊಳ್ಳಬೇಕಾದದ್ದು: ಇದರಲ್ಲಿ ಬಿಡಬಾರದ್ದು ಯಾವುದು? ಅದನ್ನು ಹಿಡಿದುಕೊಂಡು ಉಳಿದದ್ದನ್ನು ಆ ದೇಹಕ್ಕೆ ಹೊಲಿಯಿರಿ. ಕುರ್ಚಿಯ ತುದಿಯಲ್ಲಿ ಕೂತು ಬೆನ್ನು ನೀಳ, ಎದೆ ಅಗಲ, ಮೊಣಕೈ ಭುಜದ ಮಟ್ಟಕ್ಕೆ ತೆರೆದಿದ್ದರೆ ಅರೆಮಂಡಿಯ ಕೆಲಸ ಮುಕ್ಕಾಲು ಆಯಿತು. ಅಡವನ್ನು ಸುಲಭ ಮಾಡಿಕೊಡುವುದು ಬೇರೆ, ಮರುಹೊಲಿಯುವುದು ಬೇರೆ. ಸುಲಭ ಮಾಡಿದಲ್ಲಿ ತಾಳ ಸಡಿಲವಾಗಲು ಬಿಡುತ್ತೇವೆ, ಮರುಹೊಲಿದಲ್ಲಿ ತಾಳದಲ್ಲಿ ಒಂದಕ್ಷರವೂ ರಿಯಾಯಿತಿ ಇಲ್ಲ.

"ಗಾಲಿಕುರ್ಚಿಯಲ್ಲಿರುವವರಿಗೆ ತಟ್ಟಡವು ಹೆಜ್ಜೆ ಹೆಜ್ಜೆಯಾಗಿ ಹೇಗೆ?"

ಬ್ರೇಕ್ ಹಾಕಿಸಿ, ಪಾದ ಫುಟ್‌ರೆಸ್ಟ್ ಮೇಲೆ. ಸೊಂಟದ ಹಿಡಿತ ಇದ್ದರೆ ಬೆನ್ನು ಒರಗಿನಿಂದ ನಾಲ್ಕು ಬೆರಳು ಮುಂದೆ ಬರಲಿ, ಇಲ್ಲದಿದ್ದರೆ ಒರಗಿಕೊಂಡೇ ಇರಲಿ, ಬೆಲ್ಟ್ ಕಟ್ಟಿ. ಬರಿ ತೊಡೆಯ ಮೇಲೆ ತಟ್ಟಿಸಬೇಡಿ: ಕಾಲಿನಲ್ಲಿ ಸ್ಪರ್ಶಜ್ಞಾನ ಇಲ್ಲದವರಿಗೆ ಚರ್ಮ ಕಂದಿದರೂ ಗೊತ್ತಾಗುವುದಿಲ್ಲ. ಸುಮಾರು 40 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ತೆಳು ಪ್ಲೈವುಡ್ ಮಣೆಯ ಅಂಚು ಉಜ್ಜಿ, ಕೆಳಗೆ ಮಡಿಸಿದ ಟವೆಲ್ ಇಟ್ಟು ತೊಡೆಯ ಮೇಲಿಡಿ. "ತೈಯಾ ತೈ"ಗೆ ಬಲಗೈ, ಎಡಗೈ ಅಂಗೈ ಚಪ್ಪಟೆಯಾಗಿ ಬೀಳಲಿ. ಮಣಿಕಟ್ಟು ಬಿಗಿದು ತಟ್ಟಿದರೆ ಎರಡೇ ವಾರಕ್ಕೆ ನೋವು ಶುರು. ಮೊಣಕೈಯಿಂದ ಬಿಡಬೇಕು.

ಕೈಯೇ ಕಾಲಾದಾಗ ಹಸ್ತ ಹಿಡಿಯುವವರಾರು? ಒಂದು ಕೈ ತಟ್ಟಲಿ, ಇನ್ನೊಂದು ಪತಾಕವೋ ಅಲಪದ್ಮವೋ ಹಿಡಿಯಲಿ, ಮುಂದಿನ ಆವರ್ತಕ್ಕೆ (ತಾಳದ ಸುತ್ತಿಗೆ) ಅದಲು ಬದಲು. ಮೂರನೇ ಕಾಲದಲ್ಲಿ ಏಟುಗಳು ಕಲಸಿಹೋಗುತ್ತವೆ. ಮೊದಲ ಆರು ತಿಂಗಳು ಎರಡು ಕಾಲ ಸಾಕು.

ನಾಟ್ಟಡವಿಗೆ, "ತೈಯುಂ ತತ್ತ ತೈಯುಂ ತಾಂ" ಎಂಬಲ್ಲಿ, ಕಾಲು ಚಾಚುವ ದಿಕ್ಕಿಗೆ ಕೈ ಚಾಚಿ ಎದೆಯೂ ದೃಷ್ಟಿಯೂ ಜೊತೆಗೆ ವಾಲಲಿ, "ತಾಂ"ಗೆ ನಡುವಿಗೆ ಬರಲಿ. ಭ್ರಮರಿಗೆ (ಸುತ್ತು ತಿರುಗಲು) ಬ್ರೇಕ್ ತೆಗೆದು ಒಂದು ಗಾಲಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಎರಡೂ ಕೈಗೆ ಕೆಲಸವಿರುವುದರಿಂದ ಹಸ್ತವನ್ನು ಸುತ್ತಿನ ಮುಂಚೆ ಮತ್ತು ನಂತರ ಇಡಿ. ಗೆಜ್ಜೆಯನ್ನು ಬಟ್ಟೆಯ ಪಟ್ಟಿಗೆ ಹೊಲಿದು ಮಣಿಕಟ್ಟಿಗೆ ಕಟ್ಟಿ, ಗಾಲಿಯ ಕಡ್ಡಿಗೆ ಎಂದೂ ಕಟ್ಟಬೇಡಿ. ದುಪಟ್ಟಾ ತುದಿ ಗಾಲಿಗೆ ಸಿಕ್ಕುವುದೂ ಪದೇ ಪದೇ ಆಗುವ ಅವಘಡ.

ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿಯೋ ಬದಿಗೆ ವಾಲಿಯೋ ಕೂತ ಜಾಗದ ಭಾರ ಇಳಿಸಲಿ. ಎದೆಯ ಮಟ್ಟಕ್ಕೂ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವುದು, ಮುಖ ಕೆಂಪೇರಿ ಬೆವರುವುದು ಕಂಡರೆ ತಕ್ಷಣ ನಿಲ್ಲಿಸಿ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಬಿಗಿಯಾದದ್ದೆಲ್ಲ ಸಡಿಲಿಸಿ, ಮೂತ್ರದ ಕೊಳವೆ ಮಡಿಚಿದೆಯೇ ನೋಡಿ, ಆಸ್ಪತ್ರೆಗೆ ಫೋನ್ ಮಾಡಿ. ಇದು ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಿದ ಸೂಚನೆ ಇರಬಹುದು.

"ಮಂಡಿ ನೋವಿದೆ, ಕುರ್ಚಿ ಬೇಡ, ನಿಂತೇ ಮಾಡ್ತೀನಿ ಅಂತಾರೆ."

ಮಾಡಲಿ. ಅರೆಮಂಡಿಯ ಆಳ ಕಾಲುಭಾಗಕ್ಕೆ ಇಳಿಸಿ. ಪಾದ ಎಷ್ಟು ತೆರೆದಿದೆಯೋ ಮಂಡಿಯೂ ಅದೇ ದಿಕ್ಕಿಗೆ, ಎರಡನೇ ಬೆರಳಿನ ನೇರಕ್ಕೆ ಬರಬೇಕು. ನೋವಿನ ಸಾಮಾನ್ಯ ಕಾರಣ ಪಾದವನ್ನು ಪೂರ್ತಿ ಬದಿಗೆ ತಿರುಗಿಸಿ ಮಂಡಿಯನ್ನು ಮುಂದಕ್ಕೇ ಬಿಡುವುದು. ತೆರೆಯುವಿಕೆ ಸೊಂಟದ ಕೀಲಿನಿಂದ ಬರಬೇಕು, ಕಣಕಾಲಿನಿಂದ ಅಲ್ಲ. ಪೂರ್ತಿ ಕೆಳಗೆ ಕೂರುವ ಪೂರ್ಣಮಂಡಿ ಮತ್ತು ಕುದಿತ್ತಮೆಟ್ಟು ಅಡವಿನ ನೆಗೆತ ಬಿಡಿ, ನೆಗೆತದ ಬದಲು ಹಿಮ್ಮಡಿ ಎತ್ತಿ ಇಳಿಸಲಿ. ಮಂಡಿ ಊದಿಕೊಂಡು ಮರುದಿನವೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿಯೇ ಮುಂದುವರಿಯಲಿ.

"ಕಣ್ಣು ಕಾಣದವರಿಗೆ ಹಸ್ತ, ದೃಷ್ಟಿ, ಭಾವ ಎಲ್ಲ ಹೇಳಿಕೊಡೋದು ಹೇಗೆ?"

ಇದು ಆಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಸಮರ್ಥನಂ ಸಂಸ್ಥೆಯ ಸುನಾದ ತಂಡದ ದೃಷ್ಟಿದೋಷವುಳ್ಳ ಕಲಾವಿದರು ವರ್ಷಗಳಿಂದ ವೇದಿಕೆಯ ಮೇಲಿದ್ದಾರೆ.

ಮೊದಲು ನಿಮ್ಮ ಬಾಯಿಂದ "ಹೀಗೆ" ಎಂಬ ಮಾತು ಹೋಗಬೇಕು. "ಬಲಗೈ ಭುಜದ ಮಟ್ಟಕ್ಕೆ, ಅಂಗೈ ನೆಲ ನೋಡಲಿ, ಹೆಬ್ಬೆರಳು ಮಡಿಚಿ ತೋರುಬೆರಳ ಬುಡಕ್ಕೆ" ಎಂದು ಹೇಳಿ. ಬಾಯಿಮಾತು ಸಾಲದಾಗ ವಿದ್ಯಾರ್ಥಿಯ ಒಪ್ಪಿಗೆ ಪಡೆದು ಅವರ ಕೈ ನಿಮ್ಮ ಕೈಯ ಮೇಲೆ ಇರಲಿ. ಅವರು ನಿಮ್ಮನ್ನು ಮುಟ್ಟಿ ನೋಡುವುದು, ನೀವು ಅವರನ್ನು ಹಿಡಿದು ತಿರುಗಿಸುವುದಕ್ಕಿಂತ ಬೇಗ ಕಲಿಸುತ್ತದೆ. ಜೇಡಿಮಣ್ಣಿನಲ್ಲಿ ಹಸ್ತಗಳ ಮಾದರಿ ಮಾಡಿಕೊಟ್ಟರೆ ಮನೆಗೂ ಒಯ್ಯಬಹುದು.

ನೆಲದ ಮೇಲೆ ತೆಳು ಹತ್ತಿ ದಾರ ಎಳೆದು ಮೇಲೆ ಅಗಲ ಟೇಪ್ ಅಂಟಿಸಿ; ಬರಿಗಾಲಿಗೆ ಗೆರೆ ಸಿಗುತ್ತದೆ. ಭ್ರಮರಿಯ ನಂತರ ದಿಕ್ಕು ತಪ್ಪುವುದು ಎಲ್ಲರಿಗೂ ಆಗುವ ತೊಂದರೆ. ನೀವು ತಾಳ ಹಾಕುವ ತಟ್ಟುಮಣೆಯ ಸದ್ದು ಒಂದೇ ಜಾಗದಿಂದ ಬರುತ್ತಿದ್ದರೆ ಅದೇ ದಿಕ್ಸೂಚಿ. ನೀವು ತಾಳ ಹಾಕುತ್ತಾ ಓಡಾಡಿದರೆ ಅವರ ಲೆಕ್ಕವೆಲ್ಲ ಕಲಸುತ್ತದೆ.

"ಯತೋ ಹಸ್ತಸ್ತತೋ ದೃಷ್ಟಿಃ" (ಕೈ ಎಲ್ಲಿಯೋ ಕಣ್ಣು ಅಲ್ಲಿ) ಎಂದು ನೃತ್ಯದ ಹಳೆಯ ಗ್ರಂಥ ಅಭಿನಯದರ್ಪಣ ಹೇಳುತ್ತದೆ. ಇಲ್ಲಿ ದೃಷ್ಟಿಯ ಕೆಲಸ ಮುಖಕ್ಕೆ ಬರುತ್ತದೆ: ಕೈ ಹೋದತ್ತ ಮೂಗಿನ ತುದಿ ತಿರುಗಲಿ. ಹುಟ್ಟಿನಿಂದ ನೋಡದವರಿಗೆ ಭಾವವನ್ನು ಮುಖದ ವರ್ಣನೆಯಿಂದ ಶುರು ಮಾಡಬೇಡಿ. ಬೀಭತ್ಸಕ್ಕೆ (ಅಸಹ್ಯದ ಭಾವಕ್ಕೆ) ಹಳಸಿದ ಸಾರಿನ ವಾಸನೆ ನೆನಪಿಸಿ. ಮೂಗು, ತುಟಿ, ಹುಬ್ಬು ತಾವೇ ಸರಿದಾಗ "ಇದೇ, ಹಿಡಿದಿಟ್ಟುಕೊಳ್ಳಿ" ಅನ್ನಿ.

"ಕಿವುಡರು ನೆಲದ ಕಂಪನದಿಂದ ತಾಳ ಹಿಡೀತಾರಂತೆ, ಹೌದಾ?"

ಮರದ ನೆಲದಲ್ಲಿ ತಕ್ಕಮಟ್ಟಿಗೆ. ಸಿಮೆಂಟಿನಲ್ಲಿ ಬಹುತೇಕ ಇಲ್ಲ. ಮರದ ಪಟ್ಟಿಗಳ ಮೇಲೆ ಪ್ಲೈವುಡ್ ಕೂರಿಸಿ ಅದರ ಮೇಲೆ ತಟ್ಟಿದರೆ ಕಾಲಿಗೆ ತಿಳಿಯುತ್ತದೆ. ಡೊಳ್ಳು ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಹೊಡೆತ ಎದೆಗೇ ಬರುತ್ತದೆ.

ಆದರೆ ನಮ್ಮ ತಾಳ ಮೊದಲಿನಿಂದಲೂ ಕಣ್ಣಿಗೆ ಕಾಣುವ ತಾಳ. ಆದಿತಾಳದ ಎಂಟು ಅಕ್ಷರದಲ್ಲಿ ಒಂದು ಏಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಏಟು-ಬೀಸು. ಇದನ್ನು ಒಬ್ಬರು ಎದುರು ನಿಂತು ದೊಡ್ಡದಾಗಿ ಹಾಕಿದರೆ ಸಾಕು. ನೀವು ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿ, ಮುಖ ಕತ್ತಲಾಗಿ ತುಟಿ ಕಾಣುವುದಿಲ್ಲ. ತೋರಿಸುವಾಗ ಮಾತಾಡಬೇಡಿ, ಕೈ ನೋಡಬೇಕೋ ತುಟಿ ನೋಡಬೇಕೋ ತಿಳಿಯದೆ ಎರಡೂ ತಪ್ಪುತ್ತವೆ. ನಾಟ್ಯದ ಹಸ್ತಗಳು ಸಂಜ್ಞಾಭಾಷೆಯಲ್ಲ. ಭಾರತೀಯ ಸಂಜ್ಞಾಭಾಷೆಗೆ ತನ್ನದೇ ವ್ಯಾಕರಣವಿದೆ, ಐವತ್ತು ಪದವಾದರೂ ಕಲಿತುಕೊಳ್ಳಿ. ಚಪ್ಪಾಳೆಯ ಬದಲು ಎರಡೂ ಕೈ ಎತ್ತಿ ಅಲ್ಲಾಡಿಸುವುದನ್ನು ಇಡೀ ತರಗತಿಗೆ ಕಲಿಸಿ.

"ಡೌನ್ ಸಿಂಡ್ರೋಮ್ ಇರೋ ಹುಡುಗನಿಗೆ ಕತ್ತಿನ ಅಡವು ತುಂಬಾ ಇಷ್ಟ. ಮಾಡಿಸಬಹುದಾ?"

ಅವಸರ ಬೇಡ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲ. ಜೋರು ಗ್ರೀವಾಭೇದ (ಕತ್ತಿನ ಚಲನೆ), ತಲೆ ಸುತ್ತಿಸುವುದು, ಪಲ್ಟಿ ಹಾಕುವುದು ಬೆನ್ನುಹುರಿಗೆ ಅಪಾಯ ತರಬಹುದು. ವೈದ್ಯರ ಒಪ್ಪಿಗೆ ಬರುವವರೆಗೆ ಕತ್ತಿನ ಬದಲು ಕಣ್ಣು ಮತ್ತು ಭುಜ ಬಳಸಿ. ಕತ್ತು ನೋವು, ನಡಿಗೆ ಬದಲಾಗುವುದು, ಕೈಯಲ್ಲಿ ಬಲ ಕಡಿಮೆಯಾಗುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಅಂದೇ ವೈದ್ಯರ ಬಳಿ ಕಳಿಸಿ.

ಕಲಿಸುವಾಗ ಹೇಳುವುದಕ್ಕಿಂತ ತೋರಿಸಿ, ಎರಡೆರಡು ಅಕ್ಷರವಾಗಿ ಒಡೆಯಿರಿ, ಹೇಳಿದ ಮೇಲೆ ಹತ್ತು ಸೆಕೆಂಡ್ ಸುಮ್ಮನೆ ಕಾಯಿರಿ. ಬಹುತೇಕ ಶಿಕ್ಷಕರು ಮೂರನೇ ಸೆಕೆಂಡಿಗೆ ಮತ್ತೆ ಹೇಳಿ, ಅರ್ಧ ದಾರಿ ಬಂದ ಉತ್ತರವನ್ನು ಕೆಡಿಸುತ್ತಾರೆ.

"ಪಾರ್ಶ್ವವಾಯು ಆದವರ ಬೆರಳು ಬಿಡಿಸೋಕಾಗಲ್ಲ. ಹಸ್ತ ಹೇಗೆ?"

ಬಲವಂತವಾಗಿ ಬೆರಳು ಬಿಡಿಸಬೇಡಿ; ಎಳೆದಷ್ಟೂ ಬಿಗಿಯುತ್ತದೆ. ಬರುವ ಆಕಾರವನ್ನೇ ನೋಡಿ: ಮುಷ್ಟಿ ಇದೆಯೇ, ಹೆಬ್ಬೆರಳು ಎದ್ದರೆ ಶಿಖರವೇ? ಅಭಿನಯದರ್ಪಣದ 28 ಅಸಂಯುತ ಹಸ್ತಗಳಲ್ಲಿ ಅವರ ಕೈಗೆ ಹತ್ತಿರದ ನಾಲ್ಕೈದನ್ನು ಆರಿಸಿ, ಆ ಹಸ್ತಗಳ ಸುತ್ತಲೇ ಪದ್ಯದ ಅರ್ಥ ಹೆಣೆಯಿರಿ. ಆಗದ ಹಸ್ತ ಬರುವಲ್ಲಿ ಮಣಿಕಟ್ಟು, ಮೊಣಕೈ, ಮುಖ ಮಾತಾಡಲಿ.

"ಪಾರ್ಕಿನ್ಸನ್ ಇರುವ ಹಿರಿಯರಿಗೆ ಕುಣಿತ ಸುರಕ್ಷಿತವೇ?"

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2001ರಿಂದ ಮಾರ್ಕ್ ಮಾರಿಸ್ ನೃತ್ಯ ತಂಡ ಪಾರ್ಕಿನ್ಸನ್ ಇರುವವರಿಗೆಂದೇ ತರಗತಿ ನಡೆಸುತ್ತಿದೆ. ಕಾಲು ನೆಲಕ್ಕೆ ಅಂಟಿದಂತಾದಾಗ ಹೊರಗಿನ ಲಯ ಮತ್ತು ನೆಲದ ಮೇಲಿನ ಅಡ್ಡಗೆರೆಗಳು ಹೆಜ್ಜೆ ಎತ್ತಿಸಲು ನೆರವಾಗುತ್ತವೆ. ಬೀಳುವುದು ಹೆಚ್ಚಾಗಿ ತಿರುಗುವಾಗ. ನಿಂತಲ್ಲೇ ತಿರುಗಿಸದೆ ಐದಾರು ಹೆಜ್ಜೆಯ ಅಗಲ ಕಮಾನಿನಲ್ಲಿ ತಿರುಗಿಸಿ. ಕೈಯಿರುವ, ಗಾಲಿಯಿಲ್ಲದ ಕುರ್ಚಿ ಪಕ್ಕದಲ್ಲಿರಲಿ. ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತು ಯಾವುದೆಂದು ಕೇಳಿ ಸಮಯ ಇಡಿ.

## ತರಗತಿ ನಡೆಸುವಾಗ

"ಒಬ್ಬರು ಬೇಗ ಕಲೀತಾರೆ, ಒಬ್ಬರು ಆರು ತಿಂಗಳಾದರೂ ಅಲ್ಲೇ. ಒಟ್ಟಿಗೆ ಹೇಗೆ ಎಳೆಯೋದು?"

ಒಂದೇ ಆವರ್ತದೊಳಗೆ ಪದರಗಳನ್ನಿಡಿ. ಒಬ್ಬರು ಸಮಕ್ಕೆ (ಆವರ್ತದ ಮೊದಲ ಅಕ್ಷರಕ್ಕೆ) ಮಾತ್ರ ಒಂದು ಏಟು ಹಾಕಲಿ, ಇನ್ನೊಬ್ಬರು ಮೊದಲ ಕಾಲ, ಮತ್ತೊಬ್ಬರು ಎರಡನೇ ಕಾಲ, ಬೇಗ ಕಲಿತವರು ಸೊಲ್ಲು ಹೇಳುತ್ತಾ ಮೂರನೇ ಕಾಲ. ಎಲ್ಲರೂ ಸಮದಲ್ಲಿ ಸೇರುತ್ತಾರೆ. ಕೇವಲ ಸಮದ ಏಟು ಹಾಕುವುದು ಚಿಕ್ಕ ಕೆಲಸ ಎಂದುಕೊಳ್ಳಬೇಡಿ. ಏಳು ಅಕ್ಷರ ಸುಮ್ಮನಿದ್ದು ಎಂಟು ಮುಗಿದೊಡನೆ ಸರಿಯಾಗಿ ಬೀಳುವುದು ಕಷ್ಟದ ವಿದ್ಯೆ. ವಾರಕ್ಕೊಮ್ಮೆ ಕೋಲಾಟ ಸೇರಿಸಿ. ಕೂತವರು, ನಿಂತವರು ಎದುರುಬದುರಾಗಿ ಕೋಲು ತಾಕಿಸುವಾಗ ಯಾರ ತಾಳ ಜಾರುತ್ತಿದೆ ಎಂದು ನೀವು ಹೇಳಬೇಕಾಗಿಯೇ ಇಲ್ಲ.

"ಮುಟ್ಟದೆ ಭಂಗಿ ತಿದ್ದೋಕಾಗುತ್ತಾ?"

ಎಷ್ಟೋ ಸಲ ಆಗುತ್ತದೆ: ಮಾತು, ಕನ್ನಡಿ, ನಿಮ್ಮದೇ ದೇಹ. ಮುಟ್ಟಲೇಬೇಕಾದರೆ ಪ್ರತಿ ಸಲ ಕೇಳಿ, ಎಲ್ಲಿ ಮುಟ್ಟುತ್ತೀರೆಂದು ಹೇಳಿ, "ಬೇಡ" ಎಂಬುದಕ್ಕೆ ಮಾತಿಲ್ಲದ ಒಂದು ಗುರುತು ಮೊದಲೇ ಗೊತ್ತುಮಾಡಿ. ಗಾಲಿಕುರ್ಚಿಯೂ ದೇಹದ ಭಾಗವೇ, ಕೇಳದೆ ತಳ್ಳಬೇಡಿ. ಮಕ್ಕಳ ತರಗತಿಯಲ್ಲಿ ಎರಡನೇ ವಯಸ್ಕರಿಲ್ಲದೆ ಬಾಗಿಲು ಮುಚ್ಚಬೇಡಿ.

"ವಿಕಲಚೇತನರಿಗೆ ಫ್ರೀ ಮಾಡಿದ್ರೆ ಒಳ್ಳೇದಲ್ವಾ?"

ಬೇಡ. ಎಲ್ಲರಿಗೂ ಒಂದೇ ಶುಲ್ಕ, ಕಷ್ಟ ಇದ್ದವರಿಗೆ ಯಾರಾದರೂ ಸರಿ ರಿಯಾಯಿತಿ, ಜೊತೆಗೆ ಬರುವ ಸಹಾಯಕರಿಗೆ ಶುಲ್ಕವಿಲ್ಲ. ಉಚಿತವಾಗಿ ಬಂದವರು ತರಗತಿ ಸರಿಯಿಲ್ಲ ಎಂದು ದೂರಲು ಹಿಂಜರಿಯುತ್ತಾರೆ, ಆ ದೂರು ನಿಮಗೆ ಬೇಕು.

"ಇದು ಒಂಥರಾ ಥೆರಪಿ ಅಂತ ಹಾಕ್ಕೋಬಹುದಾ?"

ನೃತ್ಯ ಚಿಕಿತ್ಸೆಗೆ ಪ್ರತ್ಯೇಕ ತರಬೇತಿ ಇದೆ. ಅದಿಲ್ಲದೆ ಆ ಪದ ಹಾಕಬಾರದು. ನಿಮ್ಮ ತರಗತಿಯಿಂದ ಸಮತೋಲ, ಉಸಿರು, ಉತ್ಸಾಹ ಸುಧಾರಿಸಬಹುದು. ಆದರೆ ಅವರು ಬಂದಿರುವುದು ಕುಣಿಯಲು.

## ಪರೀಕ್ಷೆ ಮತ್ತು ವೇದಿಕೆ

"ರಾಜ್ಯದ ಡ್ಯಾನ್ಸ್ ಜೂನಿಯರ್ ಪರೀಕ್ಷೆಗೆ ಕೂರಿಸಬಹುದಾ?"

ಬಯಸಿದರೆ ಖಂಡಿತ ಅರ್ಜಿ ಹಾಕಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಪಠ್ಯಕ್ರಮ ಮತ್ತು ಪರೀಕ್ಷಾ ಕ್ರಮದಲ್ಲಿ ಸೂಕ್ತ ಮಾರ್ಪಾಡು ಮಾಡಬೇಕೆಂದೂ ಹೇಳುತ್ತದೆ. ಕೇಂದ್ರದ ಮಾರ್ಗಸೂಚಿಯಲ್ಲಿ ಬರೆಯಲು ತೊಂದರೆ ಇರುವವರಿಗೆ ಲಿಖಿತ ಪರೀಕ್ಷೆಯ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಎಂದಿದೆ. ಪ್ರಾಯೋಗಿಕಕ್ಕೆ ಪರೀಕ್ಷಕರು ಅಂದೇ ನಿರ್ಧರಿಸಲಿ ಎಂದು ಬಿಡಬೇಡಿ. ಯಾವ ಅಡವನ್ನು ಯಾವ ಅಂಗದಿಂದ, ಯಾವ ಕಾಲದಲ್ಲಿ ಮಾಡುತ್ತಾರೆ ಎಂದು ಒಂದು ಪುಟ ಬರೆದು, ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನ ಪ್ರತಿಯೊಂದಿಗೆ ಅರ್ಜಿಯ ಜೊತೆಗೇ ಕಳಿಸಿ ಸ್ವೀಕೃತಿ ಪಡೆಯಿರಿ.

"ಸುಧಾ ಚಂದ್ರನ್ ಕೃತಕ ಕಾಲಲ್ಲಿ ಕುಣಿದರು, ನನ್ನ ಮಗಳೂ ಯಾಕೆ ಆಗಬಾರದು ಅಂತಾರೆ ತಂದೆ."

ಸುಧಾ ಚಂದ್ರನ್ 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡು, ಜೈಪುರ ಕಾಲು ಹಾಕಿಕೊಂಡು ವೇದಿಕೆಗೆ ಮರಳಿದ್ದು ನಿಜ. ಅವರು ಅಪಘಾತಕ್ಕೆ ಮುಂಚೆಯೇ ನುರಿತ ನರ್ತಕಿ ಎಂಬುದನ್ನು ಜನ ಮರೆಯುತ್ತಾರೆ. ಅದನ್ನು ಮಗಳಿಗೆ ಅಳತೆಗೋಲು ಮಾಡಬೇಡಿ. ಕೃತಕ ಕಾಲಿನಲ್ಲಿ ತಟ್ಟುವಾಗ ಭಾರವೆಲ್ಲ ಮೊಂಡು ಭಾಗದ ಚರ್ಮಕ್ಕೆ ಬೀಳುತ್ತದೆ. ಮೊದಲ ವಾರಗಳಲ್ಲಿ ಐದೇ ನಿಮಿಷ ತಟ್ಟಿಸಿ, ಕಾಲು ತೆಗೆದು ನೋಡಿ. ಕೆಂಪು ಹತ್ತು ನಿಮಿಷದಲ್ಲಿ ಹೋಗದಿದ್ದರೆ ಅಂದಿಗೆ ಸಾಕು.

"ವಾರ್ಷಿಕೋತ್ಸವದಲ್ಲಿ ಅವರನ್ನ ಎಲ್ಲಿ ನಿಲ್ಲಿಸೋದು?"

ಪ್ರಶ್ನೆಯಲ್ಲೇ ತೊಡಕಿದೆ. ನಿಂತವರಿಗೆ ನೃತ್ಯ ಕಟ್ಟಿ, ಆಮೇಲೆ ಗಾಲಿಕುರ್ಚಿಗೆ ಜಾಗ ಹುಡುಕಿದರೆ ಅವರು ಮೂಲೆಯಲ್ಲೋ ನಟ್ಟನಡುವೆ ವಿಗ್ರಹದಂತೆಯೋ ಉಳಿಯುತ್ತಾರೆ. ಅತ್ಯಂತ ಕಡಿಮೆ ಚಲನೆಯಿರುವವರ ಚಲನೆಯಿಂದ ಸಂಯೋಜನೆ ಶುರು ಮಾಡಿ. ಅವರ ಕೈ ತಿರುವು, ಅವರ ಉಸಿರಿನ ವೇಗ ಉಳಿದವರಿಗೆ ಹಬ್ಬಲಿ. ಮೊದಲ ಸಾಲಿನವರೂ ಆಗಾಗ ಕೂತು ಕುಣಿಯಲಿ, ಕಣ್ಣಿನ ಮಟ್ಟ ಸಮವಾಗುತ್ತದೆ.

ವೇದಿಕೆಗೆ ರ‍್ಯಾಂಪ್ ಇದೆಯೇ ಎಂದು ಒಂದು ತಿಂಗಳ ಮುಂಚೆ ಹೋಗಿ ಅಳೆದು ಬನ್ನಿ. ಹಿಂದಿನ ದಿನ ಅದೇ ವೇದಿಕೆಯಲ್ಲಿ ಎರಡು ಸಲವಾದರೂ ಅಭ್ಯಾಸ ಬೇಕು, ದೀಪ ಹಚ್ಚಿಯೇ. ಮಿನುಗುವ ದೀಪ ಬೇಡ, ಮೂರ್ಛೆ ಬರುವವರಿಗೆ ಅಪಾಯ. ಗಾಲಿಕುರ್ಚಿಯವರ ವೇಷದಲ್ಲಿ ಬೀಸಣಿಗೆಯ ನೆರಿಗೆ ಮಂಡಿಗಿಂತ ಕೆಳಗಿಳಿಯದಿರಲಿ, ಸೀಟಿನಡಿ ಸಿಕ್ಕುವ ಜರಿ ಬೇಡ. ನಿರೂಪಕರ ಕೈಗೆ ನೀವೇ ಬರೆದ ಚೀಟಿ ಕೊಡಿ: ನೃತ್ಯದ ಹೆಸರು, ರಾಗ, ತಾಳ, ನರ್ತಿಸುವವರ ಹೆಸರುಗಳು ಅಕಾರಾದಿಯಾಗಿ. ಯಾರಿಗೆ ಯಾವ ತೊಂದರೆ ಎಂಬುದು ಆ ಚೀಟಿಯಲ್ಲಿ ಇರಬಾರದು.